ಅಪ್ಪನಿಗೆ ಕಳಿಸಿದ ಫೋಟೊ

1912ರಲ್ಲಿ, ಈಗಿನ ತುರ್ಕಿಯ ವಾನ್ ಪಟ್ಟಣದಲ್ಲಿ, ಶುಶಾನ್ ಎಂಬ ಅರ್ಮೇನಿಯನ್ ತಾಯಿ ಮಗನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಫೋಟೊ ತೆಗೆಸಿದಳು. ಗಂಡ ಅಮೆರಿಕಕ್ಕೆ ಹೋಗಿ ವರ್ಷಗಳಾಗಿದ್ದವು. ನಾವಿಲ್ಲಿದ್ದೇವೆ ಎಂದು ಅವನಿಗೆ ನೆನಪಿಸಬೇಕಿತ್ತು. ಹುಡುಗನ ಕೈಯಲ್ಲಿ ಪುಟ್ಟ ಹೂಗೊಂಚಲು, ತಾಯಿಯ ಏಪ್ರನ್ ತುಂಬ ಹೂಗಳು.

ಮೂರೇ ವರ್ಷಕ್ಕೆ ಅರ್ಮೇನಿಯನ್ನರ ನರಮೇಧ ಶುರುವಾಯಿತು. ಊರು ಬಿಟ್ಟು ನಡೆದು ಯೆರೆವಾನ್ ಸೇರಿದ ಶುಶಾನ್ 1919ರಲ್ಲಿ ಹೊಟ್ಟೆಗಿಲ್ಲದೆ ತೀರಿಕೊಂಡಳು. ಮರುವರ್ಷ ಮಗ ತಂಗಿಯೊಂದಿಗೆ ಅಮೆರಿಕ ತಲುಪಿದ. ವೊಸ್ದಾನಿಗ್ ಅದೋಯಾನ್ ಎಂಬ ಹೆಸರು ಬಿಟ್ಟು ಆರ್ಷೀಲ್ ಗೋರ್ಕಿ ಎಂಬ ಚಿತ್ರಕಾರನಾದ. ಲೇಖಕ ಮ್ಯಾಕ್ಸಿಂ ಗೋರ್ಕಿಯ ಬಂಧು ಎಂದೂ ಹೇಳಿಕೊಂಡ. ಆ ಸುಳ್ಳಿಗಾಗಿ ಅವನನ್ನು ದೂರಲು ನನಗೆ ಮನಸ್ಸಾಗದು. ಊರೇ ಅಳಿಸಿಹೋದವನು ತನ್ನ ಊರು ಯಾವುದೆಂದು ಹೇಳಬೇಕು?

ಫೋಟೊ ಮಾತ್ರ ಅಪ್ಪನ ಬಳಿ ಉಳಿದಿತ್ತು. 1926ರ ಸುಮಾರಿಗೆ ಗೋರ್ಕಿ ಅದನ್ನು ಮುಂದಿಟ್ಟುಕೊಂಡು ‘ಕಲಾವಿದ ಮತ್ತು ಅವನ ತಾಯಿ’ ಚಿತ್ರಕ್ಕೆ ಕೈಹಾಕಿದ. ಎರಡು ಕ್ಯಾನ್ವಾಸುಗಳು, ಒಂದಕ್ಕೆ ಸುಮಾರು ಹತ್ತು ವರ್ಷ, ಇನ್ನೊಂದಕ್ಕೆ ಅದಕ್ಕೂ ಹೆಚ್ಚು. ಬಣ್ಣ ಹಚ್ಚುವುದು, ಒಣಗಿದ ಮೇಲೆ ಬ್ಲೇಡಿನಿಂದ ಹೆರೆಯುವುದು, ಮತ್ತೆ ಹಚ್ಚುವುದು. ಮೇಲ್ಮೈ ಪಿಂಗಾಣಿಯಷ್ಟು ನುಣುಪಾಗುವವರೆಗೂ ಇದೇ ಕೆಲಸ. ತಾಯಿಯ ಮುಖದಲ್ಲಿ ಕಪ್ಪು ಕಣ್ಣುಗಳು ನೇರ ನಮ್ಮನ್ನೇ ನೋಡುತ್ತವೆ. ಏಪ್ರನ್ನಿನ ಹೂಗಳೆಲ್ಲ ಮಾಯವಾಗಿ ಬರಿಯ ಬಿಳುಪು ಉಳಿದಿದೆ. ತೊಡೆಯ ಮೇಲಿನ ಕೈಗಳಿಗೆ ಬೆರಳೇ ಇಲ್ಲ, ಕಲಸಿಹೋದ ಬಣ್ಣದ ಎರಡು ಮುದ್ದೆಗಳಷ್ಟೇ.

ಮುಖಕ್ಕೆ ಇಷ್ಟು ವರ್ಷ ಕೊಟ್ಟವನು ಕೈಗಳನ್ನೇಕೆ ಹಾಗೇ ಬಿಟ್ಟ? ನ್ಯೂಯಾರ್ಕಿನಲ್ಲಿ ಚಿತ್ರಕಲೆ ಕಲಿಸುತ್ತಿದ್ದವನಿಗೆ ಬೆರಳು ಬಿಡಿಸಲು ಬರುತ್ತಿರಲಿಲ್ಲ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಮುಖವನ್ನು ಫೋಟೊ ಉಳಿಸಿಕೊಟ್ಟಿತ್ತು. ಅಮ್ಮ ಮುಟ್ಟಿದ್ದನ್ನು ಯಾವ ಫೋಟೊವೂ ಕೊಡುವುದಿಲ್ಲ. ಇಲ್ಲದ್ದನ್ನು ಇದೆ ಎಂದು ತೋರಿಸಲು ಅವನು ಒಪ್ಪಲಿಲ್ಲ ಎಂದೇ ನನ್ನ ನಂಬಿಕೆ.

1944ರಲ್ಲಿ ಅವನು ಬಿಡಿಸಿದ ಅಮೂರ್ತ ಚಿತ್ರವೊಂದರ ಹೆಸರೇ, ಅಮ್ಮನ ಕಸೂತಿ ಏಪ್ರನ್ ತನ್ನ ಬದುಕಿನಲ್ಲಿ ಬಿಚ್ಚಿಕೊಳ್ಳುವ ಬಗೆಯನ್ನು ಕುರಿತದ್ದು. ಅದರಲ್ಲಿ ತೆಳು ಬಣ್ಣಗಳು ಹರಿದಿವೆ, ಮನುಷ್ಯಾಕೃತಿ ಇಲ್ಲ. 1948ರಲ್ಲಿ ಗೋರ್ಕಿ ತಾನೇ ಪ್ರಾಣ ಕಳೆದುಕೊಂಡ. ಎರಡು ವರ್ಷದ ಬಳಿಕ ಅವನ ಗ್ಯಾಲರಿಯ ಮಾಲೀಕ ಜೂಲಿಯನ್ ಲೆವಿ ತಾಯಿಯ ಚಿತ್ರಗಳಲ್ಲಿ ಒಂದನ್ನು ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂಗೆ ದಾನವಾಗಿ ಕೊಟ್ಟ, ಗೋರ್ಕಿಯ ಇಬ್ಬರು ಹೆಣ್ಣುಮಕ್ಕಳ ಪರವಾಗಿ, ಅವರ ಅಪ್ಪನ ನೆನಪಿಗೆ.