ಬಿಸಿಲಿಗಿಂತ ಸೆಕೆ ಹಸುವಿಗೆ ಭಾರ

ಹಸುವಿನ ಮೈಯ ಸಹಜ ಉಷ್ಣತೆ ಸುಮಾರು 38.5 ಡಿಗ್ರಿ ಸೆಲ್ಸಿಯಸ್. ಹೊರಗಿನ ಬಿಸಿಲಷ್ಟೇ ಅಲ್ಲ, ಹೊಟ್ಟೆಯಲ್ಲಿ ಮೇವು ಹುದುಗುವಾಗ, ಕೆಚ್ಚಲಲ್ಲಿ ಹಾಲು ಕೂಡುವಾಗ ಮೈಯೊಳಗೂ ಶಾಖ ಹುಟ್ಟುತ್ತದೆ. ಹಾಲು ಹೆಚ್ಚಿದಷ್ಟೂ ಶಾಖವೂ ಹೆಚ್ಚು. ಬೆವರು, ಏದುಸಿರುಗಳಲ್ಲಿ ನೀರು ಆವಿಯಾದಂತೆ ಈ ಶಾಖ ಹೊರಹೋಗಬೇಕು. ಗಾಳಿಯಲ್ಲಿ ತೇವ ತುಂಬಿದ್ದರೆ ಆ ದಾರಿಯೇ ಕಟ್ಟುತ್ತದೆ.

ಉಷ್ಣತೆ, ತೇವಾಂಶ ಎರಡನ್ನೂ ಸೇರಿಸಿ ಲೆಕ್ಕ ಹಾಕುವ ಸೂಚ್ಯಂಕ 72 ದಾಟಿದರೆ ಹೆಚ್ಚು ಹಾಲಿನ ಹಸು ಬಳಲತೊಡಗುತ್ತದೆ. ಶೇ 30 ತೇವಾಂಶವಿರುವ 36 ಡಿಗ್ರಿಯ ಒಣ ಮಧ್ಯಾಹ್ನದಲ್ಲಿ ಅದು ಸುಮಾರು 82. ಶೇ 80 ತೇವಾಂಶವಿದ್ದರೆ 30 ಡಿಗ್ರಿಗೇ 83 ಆಗುತ್ತದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳಲ್ಲಿ ಏಪ್ರಿಲ್ ಬಿಸಿಲು ಕಳೆದು ಮೇ ಮಳೆ ಬಿದ್ದ ಮೇಲೂ ಅಪಾಯ ಮುಗಿಯದಿರುವುದು ಇದರಿಂದಲೇ. ಇಲ್ಲಿನ ತೆಂಗಿನ ನೆರಳು ವರವೇ ಸರಿ. ಆದರೆ ನೀರು ಹಾಯಿಸಿದ ತೋಟದ ನಡುವೆ, ಸುತ್ತ ಗೋಡೆ ಎಬ್ಬಿಸಿ ತಗ್ಗಾಗಿ ಶೀಟು ಹೊದಿಸಿದ ಕೊಟ್ಟಿಗೆಯಲ್ಲಿ ಗಾಳಿಯಾಡದೆ ಸೆಕೆ ನಿಲ್ಲುತ್ತದೆ.

ಬಳಲಿದ ಹಸು ಮಲಗದೆ ನಿಂತೇ ಇರುತ್ತದೆ, ಜೊಲ್ಲು ಸುರಿಸುತ್ತದೆ. ಉಸಿರು ನಿಮಿಷಕ್ಕೆ 60 ದಾಟುತ್ತದೆ. ಮೇವು ಬಿಡುತ್ತದೆ, ಮೆಲುಕು ಕಡಿಮೆಯಾಗುತ್ತದೆ. ಹುಳಿ ತಗ್ಗಿಸುವ ಜೊಲ್ಲು ನೆಲಕ್ಕೆ ಸೋರುವುದರಿಂದ ಹೊಟ್ಟೆಯಲ್ಲಿ ಹುಳಿ ಏರಿ ಹಾಲಿನ ಫ್ಯಾಟ್ ಇಳಿಯುತ್ತದೆ. ಹಾಲು ತಗ್ಗುವುದು ಒಂದೆರಡು ದಿನ ತಡವಾಗಿ ಕಾಣುವುದರಿಂದ, ಡೈರಿಯಲ್ಲಿ ಅಳತೆ ಕಡಿಮೆಯಾದಾಗ ಸೆಕೆಯ ನೆನಪೇ ಬರುವುದಿಲ್ಲ. ಬೆದೆಯ ಲಕ್ಷಣಗಳೂ ಮಂಕಾಗುತ್ತವೆ, ಗಬ್ಬ ನಿಲ್ಲುವುದು ಕಷ್ಟವಾಗುತ್ತದೆ. ತೇವದ ದಿನಗಳಲ್ಲಿ ಉಣ್ಣೆ, ಕೆಚ್ಚಲು ಬಾವು ಹೆಚ್ಚುತ್ತವೆ. ಹಿಂಡಿಗೆ ಬೂಸ್ಟು ಹಿಡಿಯುತ್ತದೆ.

ಎಲ್ಲ ತಳಿಗೂ ಪೆಟ್ಟು ಒಂದೇ ಅಲ್ಲ. ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿಗೆ ಹೆಚ್ಚು, ಜೆರ್ಸಿ ಮಿಶ್ರತಳಿಗೆ ತುಸು ಕಡಿಮೆ. ತಿಪಟೂರು ಬಳಿಯ ಕೊನೇಹಳ್ಳಿ ಕೇಂದ್ರದಲ್ಲಿ ಸಾಕುವ ಅಮೃತಮಹಲ್ ಮತ್ತು ಈ ಸೀಮೆಯ ಹಳ್ಳಿಕಾರ್ ಬೆವರು ಚೆನ್ನಾಗಿ ಸುರಿಸುತ್ತವೆ. ಅವುಗಳ ಕೂದಲು ಗಿಡ್ಡ, ಹಾಲು ಕಡಿಮೆಯಾದ್ದರಿಂದ ಒಳಶಾಖವೂ ಕಡಿಮೆ.

ಪರಿಹಾರದಲ್ಲಿ ಮೊದಲನೆಯದು ಗಾಳಿ. ಕೊಟ್ಟಿಗೆಯ ಎರಡು ಬದಿಯಾದರೂ ತೆರೆದಿರಬೇಕು, ಮಾಡು ಎತ್ತರವಿರಬೇಕು. ಶೀಟಿನ ಮೇಲೆ ತೆಂಗಿನ ಗರಿ ಹೊದಿಸಿದರೆ ಕಾವು ಇಳಿಯುತ್ತದೆ. ಬೇಸಿಗೆಯಲ್ಲಿ ಹಾಲಿನ ಹಸು ದಿನಕ್ಕೆ 70-80 ಲೀಟರ್ ನೀರು ಕುಡಿಯಬಲ್ಲದು. ತೊಟ್ಟಿ ನೆರಳಲ್ಲಿದ್ದು ಹಗಲು ರಾತ್ರಿ ತುಂಬಿರಬೇಕು. ಒಣ ರಾಗಿಹುಲ್ಲು ಹುದುಗುವಾಗ ಹೆಚ್ಚು ಶಾಖ ಹುಟ್ಟುವುದರಿಂದ ಅದನ್ನು ಸಂಜೆಯ ಮೇಲೆ ಹಾಕಿ, ಹಗಲು ಹಸಿಮೇವು ಕೊಡುವುದು ಲೇಸು. ಬೆವರಲ್ಲಿ ಹೋದ ಲವಣವನ್ನು ಖನಿಜ ಮಿಶ್ರಣ ತುಂಬಿಕೊಡುತ್ತದೆ. ಮೈಗೆ ನೀರು ಹಾಕುವುದು ಒಣ ಬಿಸಿಲಿನಲ್ಲಿ ಒಳ್ಳೆಯದು. ಸೆಕೆಯ ದಿನ ಫ್ಯಾನ್ ಇಲ್ಲದೆ ನೀರು ಎರಚಿದರೆ ಕೊಟ್ಟಿಗೆಯ ತೇವ ಮತ್ತಷ್ಟು ಏರುತ್ತದೆ.