ಹೊರಡುವ ಮೊದಲು ಒಂದು ಕರೆ

ಸುಮಾರು ಮೂವತ್ತು ವರ್ಷಗಳ ಹಿಂದಿನ ಮಾಗಿಯ ರಾತ್ರಿ. ಎಂಟು ತಿಂಗಳಿಗೇ ಹುಟ್ಟಿದ ಕೂಸೊಂದನ್ನು ಅದರ ಅಜ್ಜಿ ನನ್ನ ಚಿಕಿತ್ಸಾಲಯಕ್ಕೆ ತಂದರು. ಉಸಿರು ಏರುಪೇರಾಗಿತ್ತು. ನನ್ನ ಕೈಮೀರಿದ ಸ್ಥಿತಿಯೆಂದರಿತು ಚೀಟಿ ಬರೆದೆ, ಜೀಪೊಂದನ್ನು ಗೊತ್ತುಮಾಡಿದೆ, ಬೇಗ ಹೊರಡಿರೆಂದೆ. ಮೊದಲ ಆಸ್ಪತ್ರೆಯಲ್ಲಿ ಹಾಸಿಗೆಯಿರಲಿಲ್ಲ. ಎರಡನೆಯದರಲ್ಲಿ ಮಕ್ಕಳ ವೈದ್ಯರಿರಲಿಲ್ಲ. ಮೂರನೆಯದನ್ನು ಮುಟ್ಟುವಷ್ಟರಲ್ಲಿ ಮೈ ತಣ್ಣಗಾಗಿತ್ತು. ಕೂಸು ಉಳಿಯಲಿಲ್ಲ. ನನ್ನ ಮೇಜಿನ ಮೇಲೆ ದೂರವಾಣಿಯಿತ್ತು. ವಾಹನದ ಏರ್ಪಾಡು ಮಾಡಿದ ನಾನು ಸ್ಥಳದ ಏರ್ಪಾಡು ಮಾಡಿರಲಿಲ್ಲ. ಆ ಕೊರಗು ಇಂದಿಗೂ ಉಳಿದಿದೆ.

ನವಜಾತ ಶಿಶುವಿಗೆ ದಾರಿಯೇ ಒಂದು ಪರೀಕ್ಷೆ. ತೂಕಕ್ಕೆ ಹೋಲಿಸಿದರೆ ಅದರ ಚರ್ಮದ ವಿಸ್ತಾರ ಹೆಚ್ಚು, ಚರ್ಮದಡಿಯ ಕೊಬ್ಬು ಕಡಿಮೆ. ಆದ್ದರಿಂದ ಶಾಖ ಬೇಗ ಸೋರಿಹೋಗುತ್ತದೆ. ಮೈ ತಣಿದಂತೆ ಶರೀರವು ಶಾಖಕ್ಕಾಗಿ ಸಕ್ಕರೆಯನ್ನೂ ಆಮ್ಲಜನಕವನ್ನೂ ಹೆಚ್ಚು ವ್ಯಯಿಸುತ್ತದೆ. ರಕ್ತದ ಸಕ್ಕರೆ ಕುಸಿಯುತ್ತದೆ, ಉಸಿರಾಟ ಕುಂದುತ್ತದೆ. ಶಿಶುವಿನ ಉಷ್ಣತೆ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ಇರಬೇಕು. ಚರಕಾಚಾರ್ಯರು ಕುಮಾರಾಗಾರವು ಗಾಳಿ ಹೊಡೆಯದಂತಿರಬೇಕೆಂದು ವಿಧಿಸಿದ್ದರ ಹಿಂದಿನ ವಿವೇಕವೂ ಇದೇ.

ಅಂದಿಗಿಂತ ಇಂದು ಅನುಕೂಲಗಳು ಹೆಚ್ಚಿವೆ. 2008ರಲ್ಲಿ ನಮ್ಮ ರಾಜ್ಯದಲ್ಲಿ ಆರೋಗ್ಯ ಕವಚ 108 ಸೇವೆ ಆರಂಭವಾಯಿತು. 2011ರಲ್ಲಿ ಬಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಅಸ್ವಸ್ಥ ನವಜಾತ ಶಿಶುವಿನ ಚಿಕಿತ್ಸೆ, ಔಷಧ ಹಾಗೂ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಸಾಗಣೆ ಉಚಿತ. ಜಿಲ್ಲಾಸ್ಪತ್ರೆಗಳಲ್ಲಿ ನವಜಾತ ಶಿಶು ವಿಶೇಷ ಆರೈಕೆ ಘಟಕಗಳೂ ಅನೇಕ ತಾಲ್ಲೂಕು ಆಸ್ಪತ್ರೆಗಳಲ್ಲಿ ಶಿಶುವಿನ ಸ್ಥಿತಿಯನ್ನು ಸ್ಥಿರಗೊಳಿಸುವ ಘಟಕಗಳೂ ಇವೆ. ಆದರೂ ಘಟಕವಿರುವುದು ಬೇರೆ, ಅಲ್ಲಿ ಈ ಗಳಿಗೆಯಲ್ಲಿ ಹಾಸಿಗೆ ತೆರವಿರುವುದು ಬೇರೆ.

ಆದಕಾರಣ ಕಳುಹಿಸುವ ವೈದ್ಯರು ಮೊದಲು ಕರೆ ಮಾಡಬೇಕು. ಮಾಡುವಂತೆ ಮನೆಯವರು ವಿನಯದಿಂದಲೇ ಒತ್ತಾಯಿಸಬೇಕು. ಹುಟ್ಟಿದ ವೇಳೆ, ತೂಕ, ತುಂಬಿದ ತಿಂಗಳು, ಹುಟ್ಟಿದೊಡನೆ ಅತ್ತಿತೇ, ಉಸಿರಾಟ ಹೇಗಿದೆ, ಕೃತಕ ಉಸಿರಾಟದ ಯಂತ್ರ ಬೇಕಾದೀತೇ, ತಾಯಿಗೆ ಏನು ತೊಂದರೆ, ಕೊಟ್ಟ ಔಷಧ ಯಾವುದು ಎಂಬಿಷ್ಟನ್ನು ತಿಳಿಸಬೇಕು. ಹಾಸಿಗೆ ಉಂಟೆಂದವರ ಹೆಸರನ್ನು ಚೀಟಿಯಲ್ಲಿ ಬರೆಯಬೇಕು. ಇಲ್ಲವೆಂದರೆ ಮತ್ತೆಲ್ಲಿ ಇದೆಯೆಂದು ಅವರನ್ನೇ ಕೇಳಬೇಕು. ಕರೆಗೆ ವ್ಯಯವಾಗುವ ಹತ್ತು ನಿಮಿಷ ದಾರಿಯಲ್ಲಿ ಗಂಟೆಗಳನ್ನು ಉಳಿಸುತ್ತದೆ. ಆ ಹತ್ತು ನಿಮಿಷದಲ್ಲಿ ಶಿಶುವಿನ ಉಸಿರು, ಶಾಖ, ಸಕ್ಕರೆಗಳನ್ನು ಸ್ಥಿರಗೊಳಿಸುವ ಕೆಲಸವೂ ಸಾಗುತ್ತಿರಲಿ.

ದಾರಿಯಲ್ಲಿ ಶಿಶುವನ್ನು ಬೆಚ್ಚಗಿಡುವ ಪೆಟ್ಟಿಗೆ ದೊರೆಯದಿದ್ದರೆ ತಾಯಿಯ ಎದೆಯೇ ಉತ್ತಮ ಆಸರೆ. ಟೊಪ್ಪಿಗೆ ತೊಡಿಸಿ, ಬರಿಮೈಯನ್ನು ಬರಿಮೈಗೆ ಒರಗಿಸಿ, ಮೇಲೆ ಹೊದಿಸಬೇಕು. ಮುಖ ಮಾತ್ರ ತೆರೆದಿರಲಿ, ಕತ್ತು ಮಡಚದಿರಲಿ. ತಾಯಿ ಬರಲಾಗದಿದ್ದರೆ ತಂದೆಯ ಎದೆಯೂ ಆದೀತು. ಕಳುಹಿಸುವ ಮೊದಲು ಸ್ನಾನ ಮಾಡಿಸಕೂಡದು. ಬಿಸಿನೀರಿನ ಸೀಸೆಯನ್ನು ಮೈಗೆ ತಾಗಿಸಕೂಡದು. ಏದುಸಿರು ಬಿಡುವ ಕೂಸಿನ ಬಾಯಿಗೆ ಏನನ್ನೂ ಹಾಕಕೂಡದು.

ಜಾತಕರ್ಮದಲ್ಲಿ ಜೇನು-ತುಪ್ಪವನ್ನು ನೆಕ್ಕಿಸುವುದು ನಮ್ಮ ಗ್ರಂಥಗಳಲ್ಲಿದೆ. ಆಯುರ್ವೇದ ವೈದ್ಯನಾಗಿಯೇ ನಾನು ಹೇಳುತ್ತೇನೆ: ಅಸ್ವಸ್ಥ ಶಿಶುವಿಗೆ ಅದು ಬೇಡ, ಶ್ವಾಸನಾಳಕ್ಕೆ ಇಳಿದೀತು. ಆರೋಗ್ಯವಂತ ಕೂಸಿಗೂ ವರ್ಷ ತುಂಬುವವರೆಗೆ ಜೇನು ಬೇಡ.

ಇವೆಲ್ಲಕ್ಕಿಂತ ಮೇಲಾದ ವಾಹನವೊಂದಿದೆ. ಅದು ತಾಯಿಯ ಗರ್ಭ. ರಕ್ತದೊತ್ತಡ, ಅವಳಿ ಗರ್ಭ, ಅವಧಿಗೆ ಮುನ್ನ ನೋವು ಕಂಡರೆ ವೈದ್ಯರ ಸಲಹೆಯಂತೆ ಹೆರಿಗೆಗೆ ಮೊದಲೇ ದೊಡ್ಡ ಆಸ್ಪತ್ರೆಗೆ ತೆರಳುವುದು ಲೇಸು. ಮನೆಯಲ್ಲಿ ಗರ್ಭಿಣಿಯಿದ್ದರೆ ಸಮೀಪದ ವಿಶೇಷ ಘಟಕದ ದೂರವಾಣಿ ಸಂಖ್ಯೆಯನ್ನು ಆಶಾ ಕಾರ್ಯಕರ್ತೆಯಿಂದ ಕೇಳಿ ತಾಯಿ ಕಾರ್ಡಿನ ಮೇಲೆ ಇಂದೇ ಬರೆದಿಡಿ.