ಹೊರಡುವ ದಿನ ಗೊತ್ತಾದ ಮೇಲೆ

ವಿದ್ಯಾರ್ಥಿನಿಲಯದ ಗೋಡೆಯ ಮೇಲೆ ಗೀಟು ಹಾಕಿ ರಜೆಗೆ ಉಳಿದ ದಿನಗಳನ್ನು ಎಣಿಸಿದವರಿಗೆ ಒಂದು ಸಂಗತಿ ಗೊತ್ತು. ಹೊರಡುವ ದಿನ ನಿಶ್ಚಯವಾಗುವವರೆಗೆ ಮನಸ್ಸು ಇದ್ದಲ್ಲಿಯೇ ಇರುತ್ತದೆ. ನಿಶ್ಚಯವಾದೊಡನೆ ಅದು ದೇಹಕ್ಕಿಂತ ಮುಂಚೆ ಊರು ಸೇರಿಬಿಡುತ್ತದೆ. ಪಾಠದ ಮೇಲಿನ ಗಮನ ತಪ್ಪಿದರೆ ವಿದ್ಯಾರ್ಥಿ ಕಳೆದುಕೊಳ್ಳುವುದು ನಾಲ್ಕಾರು ಅಂಕಗಳನ್ನು. ಕಾವಲು ನಿಂತ ಸಿಪಾಯಿಯ ಮನಸ್ಸು ಹೀಗೆ ಊರು ಸೇರಿದರೆ? ಸೇನೆಯನ್ನು ಹಿಂದಕ್ಕೆ ಕರೆಸುವ ದಿನವನ್ನು ಮೊದಲೇ ಸಾರಬೇಕೆ, ಬೇಡವೆ ಎಂಬ ರಾಜಕಾರಣಿಗಳ ವಾದದ ತಳದಲ್ಲಿರುವುದು ಈ ಪ್ರಶ್ನೆಯೇ.

ವಿಯೆಟ್ನಾಮಿಗೆ ಹೋದ ಅಮೆರಿಕದ ಸೈನಿಕನ ಸರದಿ ಹನ್ನೆರಡು ತಿಂಗಳು. ಹಿಂದಿರುಗುವ ತಾರೀಖು ಅವನಿಗೆ ಮೊದಲಿನಿಂದಲೇ ತಿಳಿದಿರುತ್ತಿತ್ತು. ಎಷ್ಟೋ ಮಂದಿ ಶಿರಸ್ತ್ರಾಣದ ಬಟ್ಟೆಯ ಮೇಲೆಯೇ ತಿಂಗಳುಗಳನ್ನು ಬರೆದುಕೊಂಡು ಒಂದೊಂದಾಗಿ ಹೊಡೆದುಹಾಕುತ್ತಿದ್ದರು. ಕೊನೆಯ ವಾರಗಳಲ್ಲಿದ್ದವನು ಅಪಾಯದ ಕೆಲಸಕ್ಕೆ ಹಿಂಜರಿದರೆ ಜೊತೆಗಾರರು ಅದನ್ನು ಹೇಡಿತನವೆಂದು ಎಣಿಸುತ್ತಿರಲಿಲ್ಲ. ಇದು ಒಬ್ಬೊಬ್ಬನ ಗಡುವು. 1969ರಲ್ಲಿ ಅದು ಇಡೀ ಸೇನೆಯ ಗಡುವಾಗತೊಡಗಿತು. ಆ ವರ್ಷದ ಏಪ್ರಿಲಿನಲ್ಲಿ ಅಲ್ಲಿದ್ದ ಅಮೆರಿಕನ್ ಸೈನಿಕರು 5,43,000ಕ್ಕೂ ಹೆಚ್ಚು. ಜೂನ್ 8ರಂದು ಮಿಡ್‌ವೇ ದ್ವೀಪದಲ್ಲಿ ಅಧ್ಯಕ್ಷ ನಿಕ್ಸನ್ 25,000 ಮಂದಿಯನ್ನು ಹಿಂದಕ್ಕೆ ಕರೆಸುವುದಾಗಿ ಘೋಷಿಸಿದರು. ಕಟ್ಟಕಡೆಯ ದಿನವನ್ನು ಮಾತ್ರ ಅವರು ಹೇಳಲಿಲ್ಲ. 1971ರ ಅಂತ್ಯವನ್ನು ಗಡುವಾಗಿ ಗೊತ್ತುಮಾಡಬೇಕೆಂದು ಮ್ಯಾಕ್‌ಗವರ್ನ್ ಮತ್ತು ಹ್ಯಾಟ್‌ಫೀಲ್ಡ್ ತಂದ ತಿದ್ದುಪಡಿಯನ್ನು 1970ರ ಸೆಪ್ಟೆಂಬರ್ 1ರಂದು ಸೆನೆಟ್ 55–39 ಮತಗಳಿಂದ ತಿರಸ್ಕರಿಸಿತು.

ತಾರೀಖನ್ನು ಸಾರದೆ ಇದ್ದುದರಿಂದ ಧೈರ್ಯ ಉಳಿಯಿತೆ? ಇಲ್ಲ. ಪಕ್ಕದ ತುಕಡಿ ಗಂಟುಮೂಟೆ ಕಟ್ಟುವುದನ್ನು ಸಿಪಾಯಿ ಕಣ್ಣಾರೆ ಕಾಣುತ್ತಿದ್ದ. 1971ರ ಮಾರ್ಚ್ 28ರ ನಡುರಾತ್ರಿ ಕಳೆದ ಮೇಲೆ, ದಕ್ಷಿಣ ವಿಯೆಟ್ನಾಮಿನ ಸೇನೆಗೆ ಬೇಗನೆ ವಹಿಸಿಕೊಡಬೇಕಾಗಿದ್ದ ಮೇರಿ ಆ್ಯನ್ ಎಂಬ ಫಿರಂಗಿ ಠಾಣೆಯೊಳಕ್ಕೆ ಶತ್ರುಗಳು ಮುಳ್ಳುತಂತಿ ಕತ್ತರಿಸಿ ಸದ್ದಿಲ್ಲದೆ ನುಗ್ಗಿದರು. 30 ಮಂದಿ ಅಮೆರಿಕನ್ನರು ಸತ್ತರು. ಕಾವಲು ಸಡಿಲವಾಗಿತ್ತೆಂದು ಆಮೇಲಿನ ವಿಚಾರಣೆ ಕಂಡುಕೊಂಡಿತು. ಅದೇ ಅಕ್ಟೋಬರಿನಲ್ಲಿ, ಕಾಂಬೋಡಿಯಾ ಗಡಿಯ ಪೇಸ್ ಠಾಣೆಯಲ್ಲಿ ಕೆಲವು ಸೈನಿಕರು ರಾತ್ರಿಯ ಗಸ್ತಿಗೆ ಹೊರಡಲು ಒಪ್ಪಲಿಲ್ಲ. 60ಕ್ಕೂ ಹೆಚ್ಚು ಮಂದಿ ಸೆನೆಟರ್ ಎಡ್ವರ್ಡ್ ಕೆನೆಡಿಯವರಿಗೆ ಮನವಿ ಬರೆದರು. ಇವರೆಲ್ಲ ಹೇಡಿಗಳೆಂದು ಹೇಳುವುದು ಸುಲಭ, ಆದರೆ ನ್ಯಾಯವಲ್ಲ. ಒಂದು ತಪ್ಪಿಗಾಗಿ ಸಾಯುವ ಕಟ್ಟಕಡೆಯವನಾಗೆಂದು ಯಾರನ್ನು ಕೇಳುವುದು ಎಂದು, ಆ ಯುದ್ಧದಿಂದ ಹಿಂದಿರುಗಿದ್ದ ಜಾನ್ ಕೆರಿ 1971ರ ಏಪ್ರಿಲ್ 22ರಂದು ಸೆನೆಟಿನ ಸಮಿತಿಯನ್ನೇ ಪ್ರಶ್ನಿಸಿದ್ದರು. ಹೊರಡುವ ದಿನ ಸಿಪಾಯಿಯ ಧೃತಿಯನ್ನು ಕದಿಯುವುದಿಲ್ಲ. ಹೊರಡುವುದೇ ನಿಶ್ಚಯವಾದ ಮೇಲೆ ಇಂದಿನ ಗಸ್ತು ಯಾರಿಗಾಗಿ ಎಂಬುದಕ್ಕೆ ಉತ್ತರವಿಲ್ಲದಿರುವುದು ಅದನ್ನು ಕದಿಯುತ್ತದೆ.

ಹೊರಡುವವನ ಮಾತಾಯಿತು. ಆದರೆ ಗಡುವಿನ ಕಾಗದವನ್ನು ಓದುವ ಇನ್ನೊಬ್ಬನಿದ್ದಾನೆ: ಆ ನೆಲದಲ್ಲಿಯೇ ಉಳಿಯಬೇಕಾದ ಸಿಪಾಯಿ. ಇವನ ಪಾಡನ್ನು ತಿಳಿಯಲು ಅಫ್ಘಾನಿಸ್ತಾನಕ್ಕೆ ಹೋಗಬೇಕು. ಅಲ್ಲಿ ಎರಡು ಮಹಾಶಕ್ತಿಗಳು ಬೇರೆ ಬೇರೆ ಕಾಲದಲ್ಲಿ ದಿನ ಗೊತ್ತುಮಾಡಿ ಹೊರಟವು. ಎರಡರ ಕಥೆಯೂ ಏಪ್ರಿಲ್ 14ರಂದೇ ಮೊದಲಾಯಿತು. 1988ರ ಆ ದಿನ ಜಿನೀವಾದಲ್ಲಿ ಒಪ್ಪಂದವಾಗಿ, ಮರುವರ್ಷದ ಫೆಬ್ರವರಿ 15ರಂದು, ಹೇಳಿದ ದಿನವೇ, ಜನರಲ್ ಗ್ರೋಮೊವ್ ಆಮು ದರಿಯಾ ನದಿಯ ಸೇತುವೆ ದಾಟಿದರು. ನಜೀಬುಲ್ಲಾರ ಸರ್ಕಾರ ಕೆಲವೇ ತಿಂಗಳಲ್ಲಿ ಉರುಳುವುದೆಂದು ಬಹುಮಂದಿ ಎಣಿಸಿದ್ದರು. ಆದರೆ ಅವರ ಸೇನೆ ಜಲಾಲಾಬಾದನ್ನು ಉಳಿಸಿಕೊಂಡಿತು. ಸರ್ಕಾರ 1992ರ ಏಪ್ರಿಲಿನವರೆಗೆ ನಿಂತಿತು. ಸೋವಿಯತ್ ದಂಡು ಹೋಗಿದ್ದರೂ ಇಂಧನ, ಧಾನ್ಯ, ಮದ್ದುಗುಂಡು 1991ರ ಕೊನೆಯವರೆಗೂ ಬರುತ್ತಿದ್ದವು.

2021ರ ಏಪ್ರಿಲ್ 14ರಂದು ಅಧ್ಯಕ್ಷ ಬೈಡನ್ ಅಮೆರಿಕದ ಸೇನೆ ಸೆಪ್ಟೆಂಬರ್ 11ರೊಳಗೆ ಹೊರಡುವುದೆಂದರು. ಬಳಿಕ ಆ ದಿನವನ್ನು ಆಗಸ್ಟ್ 31ಕ್ಕೆ ಎಳೆದರು. ಸೈನಿಕರ ಜೊತೆಗೆ ವಿಮಾನಗಳನ್ನು ದುರಸ್ತಿ ಮಾಡುತ್ತಿದ್ದ ಗುತ್ತಿಗೆಯ ಕೆಲಸಗಾರರೂ ಹೊರಟರು. ಜುಲೈ ಮೊದಲಲ್ಲಿ ಬಗ್ರಾಮ್ ನೆಲೆಯನ್ನು ಬಿಟ್ಟುಹೋದದ್ದು ತಮಗೆ ಗೊತ್ತಾದದ್ದು ಗಂಟೆಗಳ ಬಳಿಕವೆಂದು ಅಲ್ಲಿನ ಹೊಸ ಅಫ್ಘನ್ ದಳಪತಿಯೇ ಹೇಳಿದರು. ದೂರದ ಠಾಣೆಯಲ್ಲಿ ಅನ್ನ, ಗುಂಡು, ಸಂಬಳಗಳಿಗೆ ಕಾದಿದ್ದ ಸಿಪಾಯಿ ಇದರಿಂದ ಏನನ್ನು ತಿಳಿಯಬೇಕಿತ್ತು? ಅನೇಕ ಠಾಣೆಗಳು ಹೋರಾಟವಿಲ್ಲದೆ ಶರಣಾದವು. ಆಗಸ್ಟ್ 15ರಂದು, ಗಡುವಿಗೆ ಇನ್ನೂ ಹದಿನಾರು ದಿನಗಳಿರುವಾಗಲೇ, ಕಾಬೂಲ್ ತಾಲಿಬಾನಿನ ವಶವಾಯಿತು.

ಹಾಗೆಂದು ಗಡುವೇ ಬೇಡವೆನ್ನಲಾಗದು. ಕೊನೆಯಿಲ್ಲದ ಯುದ್ಧವೂ ಮನಸ್ಸನ್ನು ತಿನ್ನುತ್ತದೆ. ಮನೆಗೆ ಮರಳುವ ದಿನವುಂಟೆಂಬ ನಂಬಿಕೆ ಸಿಪಾಯಿಗೆ ಅನ್ನದಷ್ಟೇ ಅವಶ್ಯಕ. ಆದರೆ ದಿನವನ್ನು ಸಾರುವವರು ಎರಡು ಮಾತನ್ನು ಜೊತೆಗೇ ಹೇಳಬೇಕು: ಹೊರಡುವವನಿಗೆ, ಆ ದಿನದವರೆಗಿನ ಕೆಲಸ ಏತಕ್ಕೆಂದು; ಉಳಿಯುವವನಿಗೆ, ಆ ದಿನದ ಮರುದಿನ ಏನೆಂದು. ಇವೆರಡನ್ನೂ ಹೇಳದ ಗಡುವು ಯುದ್ಧವನ್ನು ಮುಗಿಸುವುದಿಲ್ಲ. ಅದರ ಹೊರೆಯನ್ನು ಹೆಗಲಿಂದ ಹೆಗಲಿಗೆ ದಾಟಿಸುತ್ತದೆ, ಅಷ್ಟೆ.